ಚಿಪ್ಪನ ಹೂಂ

ನಮ್ಮೂರಿನಲ್ಲಿ ಯಾರೂ ಹೂಂ ಅನ್ನುವುದಿಲ್ಲ. ಒಪ್ಪಿಗೆಯಾದರೆ ತಲೆಯಾಡಿಸುತ್ತೇವೆ, ಇಲ್ಲವೆ ಸರಿ ಅನ್ನುತ್ತೇವೆ. ಶಾಲೆಯಲ್ಲಿ ಹಾಜರಿ ಕರೆದರೆ ಮಕ್ಕಳು ಎದ್ದು ನಿಂತು ಕೂರುತ್ತವೆ. ಹೆಣ್ಣು ನೋಡಲು ಬಂದಾಗ ಹುಡುಗಿಗೆ ಮನಸ್ಸಿದ್ದರೆ ಕಾಫಿ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾಳೆ. ಬೇರೆ ಊರಿನ ನೆಂಟರು ಮಾತಿನ ನಡುವೆ ಬಾಯಿ ತಪ್ಪಿ ಹೂಂಗುಟ್ಟಲು ಹೊರಟರೆ ಮನೆಯೊಡತಿ ಓಡಿಬಂದು ಅವರ ಬಾಯಿಗೆ ಬಾಳೆಹಣ್ಣು ಹಿಡಿಯುತ್ತಾಳೆ. ಎಷ್ಟು ಉಪಚಾರ ಮಾಡ್ತಾರಪ್ಪ ಈ ಊರಿನವರು ಎಂದು ಅವರು ಹೊಗಳಿಕೊಂಡು ಹೋಗುತ್ತಾರೆ.

ಆಡಿದ ಮಾತಿಗೆ ಕೇಳುವವರ ಹೂಂ ಸಿಕ್ಕಿಬಿಟ್ಟರೆ ಇಲ್ಲಿ ಆ ಮಾತು ನಡೆದುಹೋಗುತ್ತದೆ. ಹಿಂದೆ ಯಾರೋ ಅಜ್ಜ ಹುಣಸೆಮರದಡಿ ಕೂತು ಮೊಮ್ಮಗಳಿಗೆ, ಬಾವಿಯೊಳಗಿಂದ ಏಳು ಹೆಡೆಯ ಹಾವು ಮೇಲೆ ಬಂತು ಎಂದು ಕಥೆ ಹೇಳಿದನಂತೆ. ಮೊಮ್ಮಗಳು ಹೂಂ ಅಂದಳು. ಆ ಬಾವಿಯ ಕಡೆಗೆ ನಾವು ಇಂದಿಗೂ ದನ ಹೊಡೆಯುವುದಿಲ್ಲ. ಹಾಗಂತ ಬೇಕಾದ್ದನ್ನೆಲ್ಲ ಹೇಳಿ ಹೂಂ ಅನ್ನಿಸಿಕೊಳ್ಳಲು ಬರುವುದಿಲ್ಲ. ಪಕ್ಕದ ಮನೆಯ ದೇವೀರಮ್ಮನ ಗಂಡ ಒಂದು ಬೇಸಿಗೆಯಿಡೀ "ಮಳೆ ಬಂತು" ಅನ್ನುವುದು, ಆಕೆ ಹೂಂ ಅನ್ನುವುದು, ಹೀಗೇ ನಡೆಸಿದರು. ಮೋಡ ತಿರುಗಿಯೂ ನೋಡಲಿಲ್ಲ. ಆಸೆ ಬೆರೆತ ಹೂಂ ಜಳ್ಳು. ತನಗೇನೂ ಬೇಡದೆ, ಕಥೆಯಲ್ಲಿ ತನ್ನನ್ನೇ ಮರೆತು ಕೇಳುವವರ ಬಾಯಿಂದ ತಾನಾಗಿ ಜಾರಿದ ಹೂಂಗೆ ಮಾತ್ರ ಕಾಳು ತುಂಬಿರುತ್ತದೆ. ನಾವು ಹೆದರುವುದು ಅದಕ್ಕೆ.

ನನ್ನ ತಂದೆ ಸಂಜೆ ದೇವರ ದೀಪ ಹಚ್ಚಿ, ವ್ಯಾಸಪೀಠದ ಮುಂದೆ ಕೂತು ಕಾವ್ಯ ಓದುತ್ತಿದ್ದರು. ಓದು ಮೊದಲಾಗುವ ಮುಂಚೆ ಅಮ್ಮ ಕೂತವರೆಲ್ಲರ ಬಾಯಿಗೂ ಕಲ್ಲುಸಕ್ಕರೆಯ ಹರಳು ಹಾಕುತ್ತಿದ್ದಳು. ರಾಗ ಏರಿ ರಥಗಳು ಒಂದರ ಮೇಲೊಂದು ನುಗ್ಗುವಾಗ ನಾವು ಹರಳನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಕಣ್ಣಲ್ಲಿ ನೀರು ತುಂಬಿ, ತುಟಿ ಬಿಚ್ಚದೆ ಕೇಳುತ್ತಿದ್ದೆವು. ಬಾಯಿ ಮುಚ್ಚಿ ಮೈಯೆಲ್ಲ ಕಿವಿಯಾಗುವುದನ್ನು ನಾನು ಕಲಿತದ್ದು ಅಲ್ಲಿ. "ಇಷ್ಟೊಂದು ಕೇಳೋ ಮಗು ಈ ಊರಲ್ಲಿ ಹುಟ್ಟಬಾರದಿತ್ತು" ಎಂದು ಅಪ್ಪ ಒಮ್ಮೆ ನನ್ನ ತಲೆ ಸವರಿ ಅಂದಿದ್ದರು. ಈಗ ನನ್ನ ಮಗಳು ಮಾಲು ನನಗಿಂತ ಹೆಚ್ಚು. ಅವಳಿಗೆ ಕಥೆ ಹೇಳಲು ನನಗೆ ಧೈರ್ಯವಿಲ್ಲ. ಕಥೆಯಿಲ್ಲದೆ ಬೆಳೆಯುವ ಮಗುವಿಗೆ ಟೀವಿಯೇ ಗತಿಯಾಯಿತು.

ಶಾಲೆ ಬಿಟ್ಟ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಕಡಲುಗಳ್ಳರ ಬೊಂಬೆಚಿತ್ರ ಬರುತ್ತಿತ್ತು. ಕೆಂಪು ಗಡ್ಡದ ಕಪ್ತಾನ ಒಬ್ಬ, ಅವನ ಬಂಟ ಒಬ್ಬ. ಬಂಟನ ಹೆಸರು ಚಿಪ್ಪ. ತಲೆಗೆ ತೆಂಗಿನ ಚಿಪ್ಪಿನ ಟೋಪಿ, ಒಂದು ಕಾಲಿಗೆ ಮಾತ್ರ ಬೂಟು, ಸೊಂಟದಲ್ಲಿ ಕತ್ತಿಯ ಜಾಗಕ್ಕೆ ಸೌಟು. ಕಪ್ತಾನ ಏನು ಹೇಳಿದರೂ "ಹೂಂ ದಣಿ!" ಎಂದು ಎಗರುವುದು, ಆಮೇಲೆ ಎಡವಿ ಬೀಳುವುದು, ಇಷ್ಟೇ ಅವನ ಕೆಲಸ. ಊರಿನ ಮಕ್ಕಳಿಗೆ ಕಪ್ತಾನ ಬೇಡ, ಚಿಪ್ಪ ಬೇಕು. ಪರದೆಯ ಮೇಲಿನ ಬೊಂಬೆಯ ಹೂಂಗೆ ಪ್ರಾಣವೆಲ್ಲಿಂದ ಬರಬೇಕು ಎಂದು ಹಿರಿಯರು ಸಮಾಧಾನ ಹೇಳಿದರು.

ಆದರೆ ಚಿಪ್ಪನಿಗೆ ಒಂದು ಕೆಟ್ಟ ಚಾಳಿಯಿತ್ತು. ಆಟದ ನಡುವೆ ಅವನು ನಮ್ಮ ಕಡೆಗೆ ತಿರುಗಿ, ಮೂಗು ಗಾಜಿಗೆ ಒತ್ತುವಷ್ಟು ಹತ್ತಿರ ಬಂದು, "ನಾನೊಬ್ನೇ ಹೂಂ ಅಂದ್ರೆ ಗಾಳಿ ಬೀಸಲ್ಲ ಮಕ್ಕಳೇ, ನೀವೂ ಹೂಂ ಅನ್ರಪ್ಪಾ!" ಎಂದು ಕಿವಿಗೆ ಅಂಗೈ ಇಟ್ಟು ಕಾಯುತ್ತಿದ್ದ. ಮೊದಲ ದಿನ ಯಾವ ಮನೆಯ ಯಾವ ಮಗು ಅಂದಿತೋ, ಅಂಗಡಿಬೀದಿಯ ಚಪ್ಪರಗಳೆಲ್ಲ ಗಾಳಿಗೆ ಹಾರಿ ಕೆರೆಗೆ ಬಿದ್ದವು. ಕೇಬಲ್ಲಿನ ರೇವಣ್ಣನ ಮನೆ ಮುಂದೆ ಊರೇ ಸೇರಿತು.

"ನಿಲ್ಲಿಸಿಬಿಡೋ ಅದನ್ನ!" ಎಂದಳು ದೇವೀರಮ್ಮ.

"ನಿಲ್ಲಿಸ್ದೆ ಕಣಮ್ಮ, ತಂತೀನೇ ಕಿತ್ತೆ. ಆದ್ರೂ ಬರ್ತದೆ. ನಾನೇನು ಮಾಡ್ಲಿ, ಟೀವಿಗೆ ಗೋಣಿ ಹೊದಿಸ್ಲಾ?"

"ಮೊದಲು ನಿನ್ನ ಬಾಯಿಗೆ ಹೊದಿಸ್ಕೊ."

ಕೊನೆಗೆ ಶಾಲೆಯ ಮೇಷ್ಟ್ರು ಒಂದು ದಾರಿ ಕಂಡುಹಿಡಿದರು. ಚಿಪ್ಪ ಕೇಳಿದ ಕೂಡಲೇ ಮಕ್ಕಳೆಲ್ಲ ಒಟ್ಟಾಗಿ "ಊಹೂಂ" ಅನ್ನಬೇಕು. ಮಕ್ಕಳಿಗೆ ಇದು ಚಿತ್ರಕ್ಕಿಂತ ದೊಡ್ಡ ಆಟವಾಯಿತು. ಸಂಜೆ ಬೀದಿಯಲ್ಲಿ ನಡೆದರೆ ಮನೆಮನೆಯಿಂದ "ಊಹೂಂ" ಎಂಬ ಕೂಗು. ಪರದೆಯ ಮೇಲೆ ಚಿಪ್ಪ ಪೆಚ್ಚಾಗಿ ತಲೆ ಕೆರೆದುಕೊಳ್ಳುತ್ತಿದ್ದ. ನಾವು ದೊಡ್ಡವರೂ ನಗಲು ಕಲಿತೆವು. ಒಂದೇ ಒಂದು ಊ ನಮ್ಮನ್ನು ಕಾಯುತ್ತಿದೆ ಎಂಬುದು ಯಾರಿಗೂ ಹೆಚ್ಚು ಹೊಳೆಯಲಿಲ್ಲ.

ನಾನು ಹಪ್ಪಳ ಮಾಡಿ ಬದುಕುವವಳು. ನನ್ನ ಗಂಡ ಹಪ್ಪಳದ ಕಟ್ಟು ಹೊತ್ತು ಸಂತೆಯಿಂದ ಸಂತೆಗೆ ಹೋದರೆ ವಾರಗಟ್ಟಲೆ ಮನೆಗೆ ಬರುವುದಿಲ್ಲ. ಅವತ್ತು ನಾನು ನಡುಮನೆಯಲ್ಲಿ ಉದ್ದಿನ ಹಿಟ್ಟು ಕುಟ್ಟಿ, ಎಣ್ಣೆ ಸವರಿ ಉಂಡೆ ಕಟ್ಟುತ್ತಿದ್ದೆ. ಮಾಲು ಒಂದು ಉಂಡೆ ಕದ್ದು ಬಾಯಿಗೆ ಹಾಕಿಕೊಂಡು ಟೀವಿ ಮುಂದೆ ಕೂತಳು. ಹಸಿ ಹಿಟ್ಟೆಂದರೆ ಅವಳಿಗೆ ಪ್ರಾಣ. ಕಪ್ತಾನ ಹಡಗಿನ ತುದಿಯಲ್ಲಿ ನಿಂತು ಗಡ್ಡ ನೀವಿಕೊಂಡ.

"ಚಿಪ್ಪಾ, ನೀನು ಹಳೇದಾದೆ ಕಣೋ. ನಂಗೊಂದು ಹೊಸ ಚಿಪ್ಪ ಬೇಕು. ಈ ನೋಡ್ತಾ ಕೂತಿರೋ ಮಕ್ಕಳಲ್ಲಿ ಒಂದನ್ನ ಹಡಗಿಗೆ ಹತ್ತಿಸ್ಕೊಳ್ತೀನಿ. ಏನಂತೀಯ?"

ಚಿಪ್ಪ ಈ ಸಲ ಎಗರಲಿಲ್ಲ. "ಹೂಂ ದಣಿ" ಎಂದ, ಮೆಲ್ಲಗೆ. ಆಮೇಲೆ ನಮ್ಮ ಕಡೆ ತಿರುಗಿದ. ಕಿವಿಗೆ ಅಂಗೈ ಇಟ್ಟ. ಆದರೆ ಅನ್ರಪ್ಪಾ ಎಂದು ಕೇಳಲಿಲ್ಲ. ಅವನ ಕಣ್ಣು ಬೇಡ ಬೇಡ ಅನ್ನುವ ಹಾಗಿತ್ತು. ಬೀದಿಯುದ್ದಕ್ಕೂ ಊಹೂಂ ಎದ್ದಿತು. ನನ್ನ ಮಗಳು ಮಾತ್ರ ಆ ಕಣ್ಣಿನೊಳಗೆ ಹೊಕ್ಕಿದ್ದಳು. ಅವಳ ತುಟಿ ಅಲುಗಿತು. ಊ ಬಾಯೊಳಗಿನ ಹಿಟ್ಟಿಗೆ ಅಂಟಿ ಅಲ್ಲೇ ಉಳಿಯಿತು. ಹೂಂ ಹೊರಗೆ ಬಂತು.

ನನ್ನ ಕೈಯ ಉಂಡೆ ಜಾರಿ ಉರುಳಿತು. ಟೀವಿ ತಾನಾಗಿ ಕಪ್ಪಾಯಿತು. ಮಾಲು ಹಿಟ್ಟು ನುಂಗಿ, "ಅಮ್ಮಾ, ನಾನು ಊಹೂಂ ಅಂದೆ ಅಲ್ವಾ?" ಎಂದಳು. ನಾನು ಅವಳ ತಲೆಯನ್ನು ಎದೆಗೊತ್ತಿಕೊಂಡೆ.

ಮರುದಿನ ಹಪ್ಪಳ ಒಣಗಲಿಲ್ಲ. ಬೆಂಕಿಯಂಥ ಬಿಸಿಲಿನಲ್ಲಿ, ಮಾಳಿಗೆಯ ಚಾಪೆಯ ಮೇಲೆ, ಸಂಜೆಯವರೆಗೂ ಒದ್ದೆ ಬಟ್ಟೆಯ ಹಾಗೆ ಮೆತ್ತಗೆ ಬಿದ್ದಿದ್ದವು. ಎತ್ತಿ ನೆಕ್ಕಿ ನೋಡಿದೆ. ನಾನು ಹಾಕಿದ್ದಕ್ಕಿಂತ ಹೆಚ್ಚು ಉಪ್ಪು. ನಮ್ಮದು ಕಡಲು ಕಾಣದ ಊರು. ಸುತ್ತ ಜಾಲಿಯ ಬಯಲು, ನಡುವೆ ಒಂದು ಕೆರೆ. ಅಂಥ ಊರಿನ ತುಳಸಿಗಿಡದ ಎಲೆಗಳ ಮೇಲೆ ಬಿಳಿಯ ಪುಡಿ ಕೂತಿತು. ದೇವೀರಮ್ಮನ ಒರಳಿನೊಳಗಿಂದ ಏಡಿ ಹತ್ತಿ ಬಂತು. ಕೆರೆಯ ನೀರು ಬೆಳಿಗ್ಗೆ ಹಿಂದೆ ಸರಿಯುವುದು, ಸಂಜೆ ಮೆಟ್ಟಿಲೇರುವುದು ಮಾಡತೊಡಗಿತು. ಪ್ರತಿ ಸಂಜೆ ಒಂದು ಮೆಟ್ಟಿಲು ಹೆಚ್ಚು. ಬಟ್ಟೆ ಒಗೆಯಲು ಹೋದ ಹೆಂಗಸರು, ನೀರಿನಾಚೆ ಮಂಜಿನಲ್ಲಿ ಒಂದು ಉದ್ದನೆಯ ಕಂಬ ನಿಂತಿದೆಯೆಂದು ಕೊಡ ಬಿಟ್ಟು ಓಡಿಬಂದರು.

ಚಾವಡಿಯಲ್ಲಿ ಸಭೆ ಸೇರಿತು. ಯಾರ ಮನೆಯ ಮಗು ಹೂಂ ಅಂದಿದ್ದು ಎಂಬುದೇ ಮಾತು. ಗೊತ್ತಾದರೆ ಏನು ಮಾಡುವುದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಯಾರೋ ಹಿಂದಿನಿಂದ, "ಕೆರೆ ಏರಿ ಮೇಲೆ ಬಿಟ್ಟು ಬಂದ್ರಾಯ್ತು. ಹಡಗು ತನಗೆ ಬೇಕಾದ್ದು ತಗೊಂಡು ಹೋಗ್ತದೆ. ಊರು ಉಳೀತದೆ" ಎಂದರು. ಯಾರೂ ಅದನ್ನು ಬೈಯಲಿಲ್ಲ. ಹೂಂ ಅನ್ನಬಾರದಾದ್ದರಿಂದ ಎಲ್ಲರೂ ನೆಲ ನೋಡುತ್ತ ಕೂತರು.

ಮನೆಗೆ ಬರುವಾಗ ದೇವೀರಮ್ಮ ನನ್ನ ಜೊತೆ ನಡೆದಳು.

"ಭಾಗೂ, ನಿನ್ನ ನಡುಮನೆ ಗೋಡೆ, ನನ್ನ ಅಡುಗೆಮನೆ ಗೋಡೆ ಒಂದೇ ಕಣೆ" ಎಂದಳು.

ನನ್ನ ಕಾಲು ನಿಂತಿತು.

"ನಿಂತ್ಕೋಬೇಡ, ನಡಿ. ನೋಡೋರು ನೋಡ್ತಾರೆ. ನಾನು ಯಾರಿಗೂ ಹೇಳಿಲ್ಲ. ನನ್ನ ಬಾಯಿ ಸಂತೆ ಬಾಯಿ ಅಂತ ಊರೆಲ್ಲ ಆಡ್ಕೊಳ್ಳುತ್ತೆ, ಇದೊಂದು ಮಾತು ಒಳಗೇ ಇರ್ಲಿ. ಮಗೂಗೆ ಎಣ್ಣೆ ಹಚ್ಚಿ ನೀರು ಹಾಕು. ಉಪ್ಪಿನ ವಾಸನೆ ಹತ್ತಿದೆ ಅದರ ಕೂದಲಿಗೆ."

ಅವತ್ತು ಸಂಜೆ ನೀರು ನಮ್ಮ ಬೀದಿಯ ತಿರುವಿಗೆ ಬಂತು. ಜನ ಬಾಗಿಲು ಹಾಕಿಕೊಂಡರು. ನಾನು ಮಾಲುವನ್ನು ಅಡುಗೆಮನೆಯ ಮೂಲೆಯಲ್ಲಿ ಹಪ್ಪಳದ ಬುಟ್ಟಿಗಳ ಹಿಂದೆ ಕಂಬಳಿ ಹಾಸಿ ಮಲಗಿಸಿದೆ. ತಲೆಗೆ ನೀರು ಹಾಕಿದ್ದಕ್ಕೆ ಕೂಡಲೇ ನಿದ್ದೆ ಹೋದಳು. ದೇವರ ಮುಂದೆ ದೀಪ ಹಚ್ಚಿದೆ. ಬೇಡಿಕೊಳ್ಳಲು ಕೈ ಮುಗಿದರೆ ಯಾವ ಸ್ತೋತ್ರವೂ ನೆನಪಿಗೆ ಬರಲಿಲ್ಲ. ಹೊರಗೆ ಒಂದು ಕಾಲಿನ ಸಪ್ಪಳ ಟಕ್ ಎಂದು, ಇನ್ನೊಂದು ಕಾಲಿನದು ಪಚ್ ಎಂದು, ಹತ್ತಿರ ಬಂದು ನಿಂತಿತು.

"ಮನೇಲಿ ಯಾರಿದೀರಿ?"

ಬಾಗಿಲು ತೆರೆಯಬಾರದಿತ್ತು. ಆದರೆ ಹಾಗೆ ಕರೆದವರಿಗೆ ಬಾಗಿಲು ತೆರೆಯದೆ ಇರುವುದು ನನ್ನ ಕೈಗೆ ಗೊತ್ತಿರಲಿಲ್ಲ. ಚಿಪ್ಪ ನಿಂತಿದ್ದ. ಟೀವಿಯಲ್ಲಿ ಕಂಡ ಹಾಗೇ ಗಿಡ್ಡ, ನನ್ನ ಸೊಂಟಕ್ಕೆ ಬರುವಷ್ಟು ಎತ್ತರ. ಅಂಚೆಲ್ಲ ಕಪ್ಪು ಮಸಿಯ ಗೆರೆ. ಚಿಪ್ಪಿನ ಟೋಪಿಯ ಕೆಳಗಿನ ಕೂದಲು ಮಾತ್ರ ಬೆಳ್ಳಗಾಗಿತ್ತು. ಮುಖ ಮಗುವಿನದು, ದಣಿವು ಮುದುಕನದು. ಹೊಸಿಲಿನ ರಂಗೋಲಿ ಕಂಡು ಅವನು ಹಿಂದೆ ಸರಿದು, ಒಂಟಿ ಬೂಟನ್ನು ಕಳಚಿ ಗೋಡೆಗೆ ಒರಗಿಸಿಟ್ಟ.

"ದಣಿ ಕಳ್ಸಿದಾರೆ ಅಕ್ಕ. ಮಗೂನ ಕರ್ಕೊಂಡ್ ಬಾ ಅಂದ್ರು. ಹೂಂ ಅಂದೆ."

"ಊಹೂಂ ಅನ್ನೋಕೇನಾಗಿತ್ತೋ ನಿಂಗೆ?" ಎಂದೆ.

"ನಂಗೆ ಆ ಊ ಬರಲ್ಲ ಅಕ್ಕ. ನಾನೂ ಒಂದಿನ ಯಾರ ಮನೆ ಜಗಲಿ ಮೇಲೋ ಕೂತು ಕಥೆ ಕೇಳ್ತಿದ್ದೆ. ಹಡಗು ಬಂತು ಅಂದ್ರು. ಹೂಂ ಅಂದೆ. ಅಷ್ಟೇ ನೆನಪು."

"ಮಗು ಮಲಗಿದೆ."

"ಎತ್ಕೊಂಡ್ ಹೋಗ್ತೀನಿ. ಎಬ್ಬಿಸಲ್ಲ. ನಾನು ಎಡವಿ ಬೀಳೋದು ಟೀವೀಲಿ ಮಾತ್ರ." ನಗಿಸಲು ನೋಡಿದ. ನನಗೆ ನಗು ಬರಲಿಲ್ಲವೆಂದು ಕಂಡು ತಲೆ ತಗ್ಗಿಸಿದ. "ಒಂದ್ ಲೋಟ ನೀರು ಕೊಡ್ತೀರಾ? ಅಲ್ಲೆಲ್ಲ ಉಪ್ಪೇ."

ನೀರನ್ನೂ ಬೆಲ್ಲದ ಚೂರನ್ನೂ ತಂದುಕೊಟ್ಟೆ. ಅವನು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಗುಟುಕು ಗುಟುಕಾಗಿ, ಕಣ್ಣು ಮುಚ್ಚಿ ಕುಡಿದ. ಕುಡಿಯುವ ನೀರನ್ನೂ ಕಿವಿಗೊಟ್ಟು ಕೇಳುವವನಂತೆ ಕುಡಿದ. ಅದನ್ನು ನೋಡುತ್ತಿದ್ದಾಗ ನನಗೊಂದು ಉಪಾಯ ಹೊಳೆಯಿತು. ಇಷ್ಟು ಚೆನ್ನಾಗಿ ಕೇಳುವವನು ಈ ಊರಿಗೆ ಎಂದೂ ಬಂದಿರಲಿಲ್ಲ.

"ಕಥೆ ಹೇಳ್ಲೇನೋ?" ಎಂದೆ.

ಅವನ ಕೈಯ ಲೋಟ ನಿಂತಿತು. "ಹೇಳ್ತೀರಾ? ದಣಿ ಬರೀ ಅಪ್ಪಣೆ ಕೊಡ್ತಾರೆ. ಕಥೆ ಯಾರೂ ಹೇಳಲ್ಲ."

ನಾನು ಹೊಸಿಲಿನೊಳಗೆ ಕೂತೆ. ಕಥೆ ಹೇಳಿ ಅಭ್ಯಾಸವಿಲ್ಲದ ಬಾಯಿ. ಆದರೆ ಅಪ್ಪನ ದನಿಯ ಏರಿಳಿತ ನನ್ನ ಎಲುಬಿನಲ್ಲಿತ್ತು. ಅವರು ಪದ್ಯಕ್ಕೆ ಮುಂಚೆ ಎಳೆಯುತ್ತಿದ್ದ ಸಣ್ಣ ಆಲಾಪವನ್ನು ಎಳೆದು ಶುರುಮಾಡಿದೆ. ಒಂದು ಊರಿತ್ತು. ಆ ಊರಿನ ಮನೆಗಳಿಗೆಲ್ಲ ಹಿತ್ತಿಲಿತ್ತು. ಹಿತ್ತಿಲಿನಲ್ಲಿ ಮಲ್ಲಿಗೆಯ ಬಳ್ಳಿಯಿತ್ತು.

"ಹೂಂ" ಎಂದ ಚಿಪ್ಪ.

ಸಂಜೆಗೆ ಆ ಬಳ್ಳಿಯೆಲ್ಲ ಒಟ್ಟಿಗೇ ಬಿರಿಯಿತು.

"ಹೂಂ."

ಹಿತ್ತಿಲಿನಿಂದ ಘಮ್ಮೆಂದು ವಾಸನೆ ಬಂತು. ನಮ್ಮ ಹಿತ್ತಿಲಿನಲ್ಲಿ ಬಳ್ಳಿಯೇ ಇರಲಿಲ್ಲ. ಇನ್ನು ಒಂದು ಮಾತು ತಪ್ಪಿದರೂ ಅದೇ ಆಗಿಹೋಗುತ್ತದೆ. ಅಪ್ಪನ ಹಾಗೆ ಅವಸರವಿಲ್ಲದೆ ಸಾಗಿದೆ. ಆ ಊರಿನ ದನಗಳು ಮನೆಗೆ ಬಂದವು. ಹೂಂ. ಅವುಗಳ ಕೊರಳ ಗಂಟೆಗೆ ಕೂಸುಗಳು ನಿದ್ದೆಹೋದವು. ಹೂಂ. ಅವನ ಕಣ್ಣು ಎಲ್ಲೋ ದೂರ ನಿಂತಿತ್ತು. ಬಾಯಲ್ಲಿ ಬೆಲ್ಲ ಕರಗುತ್ತಿರುವುದೂ ಅವನಿಗೆ ತಿಳಿದಂತಿರಲಿಲ್ಲ. ಆಗ ಕಥೆಯೊಳಗೆ ಹಡಗನ್ನು ತಂದೆ.

ಆ ಊರಿನ ಕೆರೆಗೆ ಒಂದು ಹಡಗು ಬಂದು ನಿಂತಿತು. ಹೂಂ. ಅದರ ಕಪ್ತಾನ ಕೆಂಪು ಗಡ್ಡ ನೀವಿಕೊಂಡ. ಹೂಂ. ನೀವಿಕೊಳ್ಳುತ್ತ ನೀವಿಕೊಳ್ಳುತ್ತ, ತಾನು ಯಾಕೆ ಬಂದೆ ಎಂಬುದೇ ಅವನಿಗೆ ಮರೆತುಹೋಯಿತು. ಹೂಂ. ಯಾವ ಮನೆಯ ಯಾವ ಮಗುವಿನ ಹೆಸರೂ ಅವನ ನೆನಪಿನಲ್ಲಿ ಉಳಿಯಲಿಲ್ಲ. ಹೂಂ. ಮಗು ತನ್ನ ತಾಯಿಯ ಮನೆಯಲ್ಲೇ ಬೆಳೆಯಿತು.

"ಹೂಂ."

ಹಡಗು ತಿರುಗಿತು. ನೀರು ಅದರ ಹಿಂದೆ ಇಳಿದುಹೋಯಿತು. ಆ ಹಡಗು ಆ ಊರಿಗೆ ಮತ್ತೆಂದೂ ಬರಲಿಲ್ಲ.

"ಹೂಂ" ಎಂದ ಚಿಪ್ಪ, ಮಗು ನಿದ್ದೆಗೆ ಜಾರುವಾಗ ಅನ್ನುವ ಹಾಗೆ.

ಕೆರೆಯ ಕಡೆಯಿಂದ ಹಗ್ಗಗಳು ಕಿರುಗುಟ್ಟಿದವು. ಶಂಖದಂಥ ಸದ್ದು ಒಂದು ಎದ್ದಿತು. ಬೀದಿಯ ತಿರುವಿನಲ್ಲಿದ್ದ ನೀರು ಗುಳುಗುಳು ಎನ್ನುತ್ತ ಹಿಂದಕ್ಕೆ ಹರಿಯಿತು. ಚಿಪ್ಪ ಬೆಚ್ಚಿ ಎದ್ದ. ಬಾಯೊಳಗಿನ ಬೆಲ್ಲವನ್ನು ಈಗ ಕಂಡವನಂತೆ ನುಂಗಿದ. ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಿತ್ತು. ಸಿಟ್ಟಿರಲಿಲ್ಲ.

"ಚೆನ್ನಾಗ್ ಹೇಳ್ತೀರ ಅಕ್ಕ. ಹಡಗು ಹೊರಟ್ತು, ನಾನು ಹೋಗ್ಬೇಕು."

"ತಾಳೋ" ಎಂದೆ. ನನ್ನ ಮಗಳು ಉಳಿದಳೆಂದು ಗೊತ್ತಾದ ಮೇಲೆ ನನಗೆ ಅವನ ಬರಿಗಾಲು ಕಂಡಿತು, ಅದರ ಹಿಮ್ಮಡಿಯ ಬಿರುಕು ಕಂಡಿತು. "ಕಥೆ ಮುಗಿದಿಲ್ಲ. ಆ ಹಡಗಿನಲ್ಲಿ ಒಬ್ಬ ಪುಟ್ಟ ಆಳಿದ್ದ. ಅವನು ಹಡಗು ಹತ್ತಲಿಲ್ಲ. ತನ್ನ ಅಮ್ಮನ ಮನೆಗೆ ಹೋದ."

ಅವನು ಬಾಯಿ ತೆರೆದ. ಗಂಟಲಿನ ನರ ಉಬ್ಬಿತು. "ಹೂಂ" ಎಂದ, ಜೋರಾಗಿ, ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು. ನಾವಿಬ್ಬರೂ ಕಾದೆವು. ಏನೂ ಆಗಲಿಲ್ಲ. ಕೆರೆಯ ಕಡೆಯಿಂದ ಯಾರೋ ದಾರ ಎಳೆದಂತೆ ಅವನ ಬರಿಗಾಲು ನೆಲದ ಮೇಲೆ ಜರುಗಿತು.

"ಅದು ಆಗಲ್ಲ ಅಕ್ಕ" ಎಂದ. "ಅದು ನಂಗೆ ಬೇಕಲ್ಲ, ಅದಕ್ಕೆ."

ಬಗ್ಗಿ ಬೂಟು ಹಾಕಿಕೊಂಡ. ಲೋಟವನ್ನು ಜಗಲಿಯ ಮೇಲೆ ಬೋರಲಿಟ್ಟ. ಬೀದಿಗಿಳಿದು, ತಿರುಗಿ ನಿಂತು, ಹೊರಡುವವರೆಲ್ಲ ಅನ್ನುವ ಮಾತನ್ನೇ ಅಂದ.

"ಬರ್ತೀನಿ ಅಕ್ಕ."

ಹೋಗುವವರು ಬರ್ತೀನಿ ಅನ್ನುತ್ತಾರೆ. ಬೇರೆ ಊರುಗಳಲ್ಲಿ ಇರುವವರು ಹೂಂ ಬಾ ಅನ್ನುತ್ತಾರೆ. ಅನ್ನದೆ ಕಳಿಸಿದರೆ ಅದು ಹೆಣ ಸಾಗಿಸಿದಂತೆ. ಅವನು ನನ್ನ ಬಾಯನ್ನೇ ನೋಡುತ್ತ ನಿಂತ. ಹೂಂ ಅಂದರೆ ಬರುತ್ತಾನೆ. ಹಡಗು ಬರಲಾರದು, ಅದನ್ನು ಹೇಳಿಯಾಗಿತ್ತು. ಆದರೆ ಬರುವವನ ಬೆನ್ನಿಗೆ ಯಾವ ಅಪ್ಪಣೆ ಇರುತ್ತದೆಂದು ಯಾರು ಬಲ್ಲರು? ಊ ಬಾರದವನು, ಯಾರು ಏನು ಹೇಳಿದರೂ ಒಪ್ಪುವವನು. ನಾನು ಹಲ್ಲು ಕಚ್ಚಿ ತುಟಿ ಮುಚ್ಚಿಕೊಂಡೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿ ಬಿಚ್ಚಲಿಲ್ಲ. ಅವನ ಮುಖ ಮೆಲ್ಲಗೆ ಬೊಂಬೆಯದಾಯಿತು. ಬೆನ್ನು ತಿರುಗಿಸಿದ.

"ಹೂಂ, ಬಾ."

ನನ್ನ ಹಿಂದಿನಿಂದ, ಬುಟ್ಟಿಗಳ ಮರೆಯಿಂದ, ನಿದ್ದೆಗಣ್ಣಿನ ದನಿ. ಯಾರೋ ಬರ್ತೀನಿ ಅಂದರು, ಮಗು ಹೂಂ ಬಾ ಅಂದಿತು. ಅದಕ್ಕೆ ಏನೂ ಬೇಕಾಗಿರಲಿಲ್ಲ.

ಬೀದಿಯಲ್ಲಿ ಚಿಪ್ಪ ನಿಂತುಬಿಟ್ಟ. ತಿರುಗಲಿಲ್ಲ. ಅವನ ಹೆಗಲು ಒಮ್ಮೆ ಮೇಲೆ ಹೋಗಿ ಕೆಳಗಿಳಿದದ್ದನ್ನು ಕಂಡೆ. ಆಮೇಲೆ ಟಕ್ ಪಚ್ ಟಕ್ ಪಚ್ ಎಂದು ಓಡಿದ. ನೀರಿನ ಸದ್ದಿನಲ್ಲಿ ಅದೂ ಮುಳುಗಿತು.

ಮಾಲು ಕಂಬಳಿ ಎಳೆದುಕೊಂಡು ಬಂದು ನನ್ನ ಸೆರಗು ಹಿಡಿದಳು. "ಯಾರಮ್ಮಾ ಬಂದಿದ್ದು?"

"ಯಾರೋ, ಬಾಯಾರಿದೋರು" ಎಂದೆ.

"ಮತ್ತೆ ಬರ್ತಾರಾ?"

ನಾನು ಬಾಗಿಲು ಮುಂದೆ ಮಾಡಿ ಚಿಲಕದ ಮೇಲೆ ಕೈಯಿಟ್ಟೆ. ಯಾವಾಗ ಬರುತ್ತಾನೋ, ಮಗುವಾಗಿ ಬರುತ್ತಾನೋ, ಬಂಟನಾಗಿ ಬರುತ್ತಾನೋ. ಹಿತ್ತಿಲಿನಿಂದ ಮಲ್ಲಿಗೆಯ ವಾಸನೆ ಉಸಿರು ಕಟ್ಟುವಷ್ಟು ಬರುತ್ತಿತ್ತು. ಮಗಳು ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದಳು, ಮೈಯೆಲ್ಲ ಕಿವಿಯಾಗಿ. ಆ ಕಿವಿಗೆ ಯಾವ ಮಾತು ಹೇಳಲೂ ಭಯವಾಗಿ, ನಾನು ಚಿಲಕ ಹಾಕಲೂ ಆರದೆ, ಬಾಗಿಲು ತೆಗೆಯಲೂ ಆರದೆ, ಸುಮ್ಮನೆ ನಿಂತೆ.